ತೊಂಬತ್ತೆರಡರಲ್ಲಿ ಬರುವ ನಡುಕ

2024ರ ಫೆಬ್ರುವರಿ 6, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಬೂದು ಬಣ್ಣದ ಕಾರೊಂದು ನಮ್ಮ ಅಂಗಡಿಯ ಮುಂದೆ ನಿಂತಿತು. ಅದರ ಚಕ್ರಗಳನ್ನು ನೋಡಿ ಗುರುತು ಹಿಡಿದೆ. ಕಪ್ಪು ಅಲಾಯ್, ಹತ್ತು ಕಡ್ಡಿ, ಅಂಚಿಗೆ ಬೆಳ್ಳಿ ಗೆರೆ. ಶನಿವಾರವಷ್ಟೇ ನಾನೂ ಅಪ್ಪನೂ ಸರಿಮಾಡಿ ಕಳಿಸಿದ್ದ ಗಾಡಿ.

ಇಳಿದವರು ನಲವತ್ತೈದರ ಆಸುಪಾಸಿನ ಹೆಂಗಸು. ಮುಖ್ಯರಸ್ತೆಯಲ್ಲಿ ಔಷಧಿ ಅಂಗಡಿ ನಡೆಸುವವರು. ನನಗೆ ಮುಖಪರಿಚಯವಿತ್ತು, ಮಾತಿನ ಪರಿಚಯ ಇರಲಿಲ್ಲ.

"ಇಲ್ಲಿ ಮಾಲೀಕರು ಯಾರು?"

ಅಪ್ಪ ಕೈಯಲ್ಲಿದ್ದ ಸ್ಪ್ಯಾನರ್‌ನಿಂದಲೇ ನನ್ನ ಕಡೆ ತೋರಿಸಿದ. "ಬೈಯೋದಿದ್ರೆ ಇವಳು. ಹೊಗಳೋದಿದ್ರೆ ನಾನು."

ಆಕೆ ನಗಲಿಲ್ಲ. ನನ್ನ ಹತ್ತಿರ ಬಂದು, ಯಾರಿಗೂ ಕೇಳಬಾರದೆಂಬಂತೆ ಮೆಲ್ಲಗೆ ಕೇಳಿದರು. "ಶನಿವಾರ ನನ್ನ ತಮ್ಮ ಈ ಗಾಡಿ ತಂದಿದ್ದ. ಇದರಿಂದ ಏನು ತೆಗೆದ್ರಿ?"

"ಏನೂ ತೆಗೆದಿಲ್ಲ ಅಕ್ಕ. ಹಾಕಿದ್ದೀವಿ."

"ಹಾಕಿದ್ದನ್ನ ತೆಗೀರಿ ಹಾಗಾದ್ರೆ."

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಆರು ವರ್ಷದಿಂದ ಅಪ್ಪನ ಜೊತೆ ಇದೇ ಕೆಲಸದಲ್ಲಿದ್ದೇನೆ. ಕಾರು ನಡುಗುತ್ತದೆ ಎಂದು ದೂರಿಕೊಂಡು ಬಂದವರಿಗೆ ಲೆಕ್ಕವಿಲ್ಲ. ನಡುಗುತ್ತಿಲ್ಲ ಎಂದು ದೂರು ತಂದವರು ಇವರೊಬ್ಬರೇ.

ನಾವು ಮಾಡಿದ್ದು ಇಷ್ಟು. ಕಾರಿನ ಮೈಯಿಂದ ಹೊರಚಾಚಿ ಚಕ್ರವನ್ನು ಹೊರುವ ದುಂಡು ಗುಬುಟಿಗೆ ಹಬ್ ಎನ್ನುತ್ತಾರೆ. ಕಾರಿನ ಜೊತೆಗೇ ಬಂದ ಚಕ್ರವಾದರೆ ಅದರ ನಡುವಿನ ತೂತು ಹಬ್ಬಿನ ಮೇಲೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂರುತ್ತದೆ. ಹೊರಗೆ ಕೊಳ್ಳುವ ಅಲಂಕಾರದ ಚಕ್ರಗಳು ಹತ್ತಾರು ಬಗೆಯ ಕಾರುಗಳಿಗೆ ಆಗಬೇಕಲ್ಲ, ಅವುಗಳಲ್ಲಿ ತೂತನ್ನು ದೊಡ್ಡದಾಗಿಯೇ ಕೊರೆದಿರುತ್ತಾರೆ. ಈ ಕಾರಿನ ಹಬ್ 67.1 ಮಿಲಿಮೀಟರ್, ಚಕ್ರದ ತೂತು 73.1. ನಡುವಿನ ಸಂದು ತುಂಬಲು ಒಂದು ತೆಳು ರಿಂಗ್ ಬೇಕು. ಅದಿಲ್ಲದಿದ್ದರೆ ಚಕ್ರ ಬರೀ ನಟ್ಟುಗಳ ಮೇಲೆ ನೇತಾಡುತ್ತದೆ, ಅದರ ನಡು ಹಬ್ಬಿನ ನಡುವಿಗೆ ಸರಿಯಾಗಿ ಕೂರುವುದಿಲ್ಲ. ಅರ್ಧ ಮಿಲಿಮೀಟರ್ ಸರಿದರೂ ಸಾಕು, ರಿಮ್ಮಿನ ಅಂಚಿಗೆ ನಲವತ್ತೈದು ಗ್ರಾಂ ತೂಕ ಅಂಟಿಸಿದಂತೆ. ಊರೊಳಗೆ ಅದು ಗೊತ್ತಾಗುವುದೂ ಇಲ್ಲ. ವೇಗ ತೊಂಬತ್ತು ದಾಟಿದಾಗ ಸ್ಟೀರಿಂಗ್ ನಡುಗಲು ಶುರುವಾಗುತ್ತದೆ, ನೂರರ ಹತ್ತಿರ ತಾನಾಗಿ ಅಡಗುತ್ತದೆ. ಆಕೆಯ ತಮ್ಮ ಮೂರು ಅಂಗಡಿ ಸುತ್ತಿ ಬಂದಿದ್ದನಂತೆ. ಎಲ್ಲರೂ ಚಕ್ರವನ್ನು, ಸುತ್ತಲೂ ತೂಕ ಸಮನಾಗಿದೆಯೇ ಎಂದು ನೋಡುವ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಹಾಕಿ, ತಪ್ಪು ಸೊನ್ನೆ ಎಂದು ತೋರಿಸಿ ಕಳಿಸಿದ್ದರು. ಯಂತ್ರ ಚಕ್ರವನ್ನು ಹಿಡಿಯುವುದು ಆ ತೂತಿನಿಂದಲೇ, ಹಾಗಾಗಿ ಅಲ್ಲಿ ಅದು ಸರಿಯಾಗಿಯೇ ಇರುತ್ತದೆ. ತಪ್ಪು ಹುಟ್ಟುವುದು ಕಾರಿಗೆ ಕೂರಿಸುವಾಗ.

ಇದನ್ನೆಲ್ಲ ಬಿಡಿಸಿ ಹೇಳಿದೆ. ಆಕೆ ಕೊನೆಯವರೆಗೂ ಕೇಳಿಸಿಕೊಂಡರು.

"ನಮ್ಮನೆಯವರು ಹೋಗಿ ಹದಿನಾಲ್ಕು ತಿಂಗಳಾಯ್ತು," ಎಂದರು. "ಮಲಗಿದವರು ಏಳಲಿಲ್ಲ. ಈ ಚಕ್ರ ಹಾಕಿಸಿದ್ದು ಅವರೇ. ವಯಸ್ಸಿಗೆ ಬಂದ ಹುಡುಗನ ಹಾಗೆ ಏನ್ರೀ ಇದು ಅಂತ ರೇಗಿಸ್ತಿದ್ದೆ. ಭಾನುವಾರ ಬೈಪಾಸಿಗೆ ಕರ್ಕೊಂಡು ಹೋಗೋರು. ತೊಂಬತ್ತೆರಡಕ್ಕೆ ಸರಿಯಾಗಿ ನಡುಕ ಶುರು. ಅದು ಶುರುವಾದ ಕೂಡಲೇ ಗೇರ್ ಮೇಲಿನ ಕೈ ತೆಗೆದು ನನ್ನ ಕೈ ಮೇಲೆ ಇಡೋರು. 'ನೋಡು, ಬಂತು' ಅನ್ನೋರು. ಸ್ಟೀರಿಂಗಿನ ನಡುಕ ಅವರ ಮೈಯೆಲ್ಲ ಹಾದು ನನ್ನ ಕೈಗೆ ಬರೋದು."

ಅಪ್ಪ ಸ್ಪ್ಯಾನರ್ ಕೆಳಗಿಟ್ಟ.

"ಅವರು ಹೋದ ಮೇಲೂ ಪ್ರತಿ ಭಾನುವಾರ ತಮ್ಮನಿಗೆ ಓಡಿಸು ಅಂತೀನಿ. ನಾನು ಪಕ್ಕದ ಸೀಟಲ್ಲಿ ಕೂತ್ಕೋತೀನಿ. ತೊಂಬತ್ತೆರಡಕ್ಕೆ ಬರೋದು. ನನ್ನ ಕೈ ಮೇಲೇ ಬರೋದು. ಮೊನ್ನೆ ಬರಲಿಲ್ಲ. ತಮ್ಮ ಒಳ್ಳೇದಕ್ಕೇ ಮಾಡಿದ. ಅವನಿಗೆ ಭಯ ಆಗ್ತಿತ್ತಂತೆ. ಅವನ ಮೇಲೆ ಸಿಟ್ಟಿಲ್ಲ. ನನಗೆ ಅದು ವಾಪಸ್ ಬೇಕು, ಅಷ್ಟೇ."

"ಆಗಲ್ಲ ಅಕ್ಕ. ನಡುಗಿ ನಡುಗಿ ನಟ್ಟು ಸಡಿಲ ಆಗತ್ತೆ. ಒಂದು ದಿನ ಚಕ್ರವೇ ಕಳಚಿಕೊಂಡು ಹೋಗತ್ತೆ. ನಿಮ್ಮ ತಮ್ಮನೂ ಇರ್ತಾರೆ ಗಾಡೀಲಿ."

"ಸರಿ. ನೀವು ತೆಗೆಯದಿದ್ರೆ ಇನ್ನೊಬ್ಬರು ತೆಗೀತಾರೆ."

ಅದು ನಿಜ. ಎದುರು ಬೀದಿಯಲ್ಲೇ ಇಬ್ಬರಿದ್ದಾರೆ. ಹತ್ತು ನಿಮಿಷದಲ್ಲಿ ರಿಂಗ್ ಕಿತ್ತು, ಕಾರು ನೆಲದ ಮೇಲಿರುವಾಗಲೇ ನಟ್ಟು ಬಿಗಿದು ಕೊಡುತ್ತಾರೆ. ಈಕೆ ಅದರಲ್ಲೇ ಭಾನುವಾರಗಳನ್ನು ಕಳೆಯುತ್ತಾರೆ, ಚಕ್ರ ಕಳಚುವ ಭಾನುವಾರದವರೆಗೆ. ನಾನು ಅಪ್ಪನ ಮುಖ ನೋಡಿದೆ.

"ಒಂದು ಸಲ ತೋರಿಸಿಬಿಡು ಪ್ರೊಫೆಸರ್," ಎಂದ ಅಪ್ಪ. ರೇಗಿಸುವಾಗ ಅವನು ನನ್ನನ್ನು ಕರೆಯುವುದೇ ಹಾಗೆ. ಈ ಸಲ ರೇಗಿಸುವ ದನಿ ಇರಲಿಲ್ಲ. "ನೀನೇ ಓಡಿಸು. ಒಂದೇ ಸಲ. ಆಮೇಲೆ ರಿಂಗ್ ಹಾಕಿ ಕಳಿಸೋಣ. ಒಪ್ಪಿಗೆನಾ ತಾಯಿ?"

ಆಕೆ ಕಾರಿನ ಕೀಲಿಯನ್ನು ನನ್ನ ಕೈಗಿತ್ತರು.

ನಾಲ್ಕೂ ರಿಂಗ್ ಬಿಚ್ಚಿದೆವು. ಚಕ್ರವನ್ನು ಗಾಳಿಯಲ್ಲಿ ಎತ್ತಿ ಹಿಡಿದು, ಕೈಯಿಂದ ತಿರುಗಿಸುತ್ತ, ಎದುರುಬದುರಿನ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುವುದು ನಮ್ಮ ಪದ್ಧತಿ. ಅಂದು ಬೇಕೆಂದೇ ಕೆಟ್ಟ ಕೆಲಸ ಮಾಡಿದೆವು. ಕಾರನ್ನು ಇಳಿಸಿ, ಭಾರವೆಲ್ಲ ಚಕ್ರದ ಮೇಲೆ ಬಿದ್ದ ಮೇಲೆ ಬಿಗಿದೆವು. ಅಪ್ಪನ ಕೈ ಅದಕ್ಕೆ ಒಗ್ಗಲಿಲ್ಲ, ಎರಡು ಸಲ ತಾನಾಗಿಯೇ ಜಾಕ್ ಹಿಡಿಕೆಯ ಕಡೆಗೆ ಹೋಯಿತು. ಆಮೇಲೆ ಒಂದೊಂದನ್ನೂ ಎತ್ತಿ ಡಯಲ್ ಗೇಜ್ ಇಟ್ಟು ನೋಡಿದೆ. ರಿಮ್ಮಿಗೆ ತಾಗಿಸಿ ಚಕ್ರ ತಿರುಗಿಸಿದರೆ ಅದು ಎಷ್ಟು ಓಲುತ್ತದೆಂದು ಮುಳ್ಳು ತೋರಿಸುತ್ತದೆ. ಮುಂದಿನ ಎರಡು 0.9 ಮತ್ತು 1.1 ಮಿಲಿಮೀಟರ್. ಹಿಂದಿನ ಎರಡು 0.8. ಇಷ್ಟಿದ್ದರೆ ನಡುಗಲೇಬೇಕು.

ಬೈಪಾಸಿನಲ್ಲಿ ಆ ಹೊತ್ತಿಗೆ ಗಾಡಿಗಳು ಕಡಿಮೆ. ಎರಡೂ ಬದಿಗೆ ಗೋದಾಮುಗಳ ತಗಡಿನ ಗೋಡೆ, ನಡುವೆ ನೇರ ರಸ್ತೆ. ಆಕೆ ಪಕ್ಕದ ಸೀಟಿನಲ್ಲಿ ಕೂತು, ನನ್ನ ಕಡೆಗಿನ ಕೈಯನ್ನು ತೊಡೆಯ ಮೇಲೆ ಅಂಗೈ ಕೆಳಗಾಗಿ ಇಟ್ಟುಕೊಂಡಿದ್ದರು. ಬೆರಳುಗಳನ್ನು ತುಸು ಅಗಲಿಸಿದ್ದರು. ಮೇಲೆ ಇನ್ನೊಂದು ಕೈ ಬಂದು ಕೂರಲು ಜಾಗ ಬಿಟ್ಟಂತಿತ್ತು.

ಎಂಬತ್ತೈದು. ತೊಂಬತ್ತು. ತೊಂಬತ್ತೆರಡು.

ಏನೂ ಇಲ್ಲ.

ಎಂಬತ್ತೆಂಟಕ್ಕೆ ಇಳಿಸಿದೆ, ತೊಂಬತ್ತಾರಕ್ಕೆ ಏರಿಸಿದೆ, ಮತ್ತೆ ಇಳಿಸಿದೆ. ಸ್ಟೀರಿಂಗ್ ನನ್ನ ಕೈಯಲ್ಲಿ ಸತ್ತ ಹಕ್ಕಿಯಂತಿತ್ತು. ಬಾಟಲಿ ಇಡುವ ಗುಳಿಯಲ್ಲಿ ಅರ್ಧ ತುಂಬಿದ ನೀರಿನ ಬಾಟಲಿ ಇತ್ತು, ಅದರ ನೀರಿನ ಮೇಲೂ ಒಂದು ಗೆರೆ ಏಳಲಿಲ್ಲ.

"ನಾಲ್ಕು ಚಕ್ರದ ತಪ್ಪು ಒಂದಕ್ಕೊಂದು ಎದುರಾಗಿ ಕಳೆದುಹೋಗಿರಬಹುದು," ಎಂದೆ. ಆಗುವುದುಂಟು, ಅಪರೂಪಕ್ಕೆ. ಅಷ್ಟು ಪೂರ್ತಿಯಾಗಿ ಆಗುವುದನ್ನು ನಾನು ಕಂಡಿರಲಿಲ್ಲ.

ಆಕೆ ಕಿಟಕಿಯ ಕಡೆ ತಿರುಗಿದ್ದರು. "ಚಕ್ರದಲ್ಲಿ ಇರಲಿಲ್ಲ ಅದು," ಎಂದರು.

"ಮತ್ತೆ?"

"ನಿಮ್ಮ ಅಪ್ಪ ಶನಿವಾರ ನಟ್ಟು ಬಿಚ್ಚಿದಾಗ ಎದ್ದು ಹೋದ್ರೇನೋ. ಎಲ್ಲಿ ಹೋದ್ರೋ."

ಮಾತಿನಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಅಂಗಡಿಯಲ್ಲಿ ಇಲ್ಲದ ಮಾತ್ರೆಯ ಬಗ್ಗೆ ಗಿರಾಕಿಗೆ ಹೇಳುವಂತಿತ್ತು.

ಅಂಗಡಿಗೆ ಮರಳಿದಾಗ ಹನ್ನೊಂದೂವರೆ. ಅಪ್ಪ ನಮ್ಮ ಮುಖ ನೋಡಿಯೇ ತಿಳಿದುಕೊಂಡ. ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಮತ್ತೊಮ್ಮೆ ಉಜ್ಜಿ, ಒರೆಸಿ, ರಿಂಗುಗಳನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಚಕ್ರಗಳನ್ನು ಗಾಳಿಯಲ್ಲಿ ಹಿಡಿದು ಬಿಗಿದ. ಇಳಿಸಿ, ಬಿಗಿ ಸಾಕಾದಾಗ ಕ್ಲಿಕ್ ಎನ್ನುವ ಟಾರ್ಕ್ ರೆಂಚಿನಿಂದ ಕೊನೆಯ ಬಿಗಿ ಕೊಟ್ಟ. ಚಕ್ರಕ್ಕೆ ಐದು ನಟ್ಟಿನಂತೆ ಇಪ್ಪತ್ತು ಸಲ ಕ್ಲಿಕ್ ಎಂದಿತು. ಆಕೆ ಬಾಗಿಲ ಬಳಿ ನಿಂತು ಒಂದೊಂದು ಕ್ಲಿಕ್ಕಿಗೂ ಕಣ್ಣು ಮುಚ್ಚುತ್ತಿದ್ದರು.

"ಇವರನ್ನ ಒಬ್ಬರೇ ಕಳಿಸ್ಬೇಡ," ಎಂದ ಅಪ್ಪ ನನ್ನ ಕಿವಿಯಲ್ಲಿ. "ಮನೆಗೆ ಬಿಟ್ಟು ಬಾ. ನಾನು ಹಿಂದಿನಿಂದ ನಮ್ಮ ಗಾಡಿ ತರ್ತೀನಿ."

ಅವರ ಮನೆ ಬೈಪಾಸಿನ ಆಚೆ ತುದಿಯಲ್ಲಿ. ಮೊದಲ ಓಡಾಟಕ್ಕೆ ಜೊತೆಗೆ ಒಯ್ದಿದ್ದ ಗೇಜಿನ ಚೀಲ ಹಿಂದಿನ ಸೀಟಿನಲ್ಲೇ ಉಳಿದಿತ್ತು. ಈ ಸಲ ಆಕೆ ಕೈಯನ್ನು ತೊಡೆಯ ಮೇಲೆ ಇಟ್ಟಿರಲಿಲ್ಲ, ಎರಡನ್ನೂ ಸೆರಗಿನೊಳಗೆ ಸುತ್ತಿಕೊಂಡಿದ್ದರು. ಹಿಂದೆ ಅಪ್ಪನ ವ್ಯಾನು ಕನ್ನಡಿಯಲ್ಲಿ ಕಾಣುತ್ತಿತ್ತು. ನಾನು ವೇಗದ ಮುಳ್ಳು ನೋಡುತ್ತಿರಲಿಲ್ಲ.

ಗೇರ್ ಮೇಲಿಟ್ಟಿದ್ದ ನನ್ನ ಕೈಗೆ ಮೊದಲು ಭಾರ ಗೊತ್ತಾಯಿತು. ಆಮೇಲೆ ನಡುಕ.

ಸ್ಟೀರಿಂಗ್ ಹಿಡಿದ ಕೈಗೆ ಏನೂ ಆಗುತ್ತಿರಲಿಲ್ಲ. ಪಾದದ ಕೆಳಗೆ ಇರಲಿಲ್ಲ, ಸೀಟಿನಲ್ಲಿ ಇರಲಿಲ್ಲ. ಕಾರಿನ ಕಂಪನ ಯಾವಾಗಲೂ ಕೆಳಗಿನಿಂದ ಬರುತ್ತದೆ: ಚಕ್ರ, ಹಬ್, ಸ್ಟೀರಿಂಗಿನ ಕಂಬಿ, ಕೈ. ಇದು ಮೇಲಿನಿಂದ ಬರುತ್ತಿತ್ತು. ನನ್ನ ಕೈಯ ಹಿಂಬದಿಯ ಚರ್ಮಕ್ಕೆ, ಬೆರಳ ಗೆಣ್ಣುಗಳಿಗೆ. ಬೆಚ್ಚಗಿತ್ತು. ಗೇರಿನ ಗುಂಡು ಮಾತ್ರ ಅಂಗೈಯೊಳಗೆ ತಣ್ಣಗೆ, ಅಲುಗದೆ ಇತ್ತು.

ವೇಗದ ಮುಳ್ಳು ನೋಡಿದೆ. ತೊಂಬತ್ತೆರಡು.

ಕೈ ಎಳೆದುಕೊಂಡೆ. ಅದು ಎಲ್ಲಿಗೂ ಹೋಗದೆ ಪಕ್ಕಕ್ಕೆ ಸರಿದಿರಬೇಕು. ಯಾಕೆಂದರೆ ಆಕೆಯ ಸೆರಗು ಸಣ್ಣಗೆ ಅದುರತೊಡಗಿತು. ಒಳಗಿನಿಂದ ಆಕೆ ಕೈಯನ್ನು ಹೊರತೆಗೆದು ತೊಡೆಯ ಮೇಲಿಟ್ಟರು. ಬಳೆಗಳು ಒಂದಕ್ಕೊಂದು ತಾಗಿ ಸದ್ದಾಗುತ್ತಿತ್ತು. ಬಾಟಲಿಯ ನೀರು ಮಾತ್ರ ಗಾಜಿನ ಹಾಳೆಯಂತೆ ಅಲುಗದೆ ಇತ್ತು.

"ಬಂತು," ಎಂದರು ಆಕೆ. ಮುಖದ ಮೇಲಿನ ಹದಿನಾಲ್ಕು ತಿಂಗಳ ದಣಿವು ಇಳಿದುಹೋಗಿತ್ತು. "ನೋಡಿ, ಬಂತು."

ರಸ್ತೆ ಅಗಲವಾಗುವ ಕಡೆ, ಲಾರಿಗಳು ನಿಲ್ಲುವ ಜಾಗದಲ್ಲಿ ಕಾರು ನಿಲ್ಲಿಸಿದೆ. ಅಪ್ಪ ವ್ಯಾನು ನಿಲ್ಲಿಸಿ ಓಡಿಬಂದ.

"ಏನಾಯ್ತೇ?"

"ಜಾಕ್ ಕೊಡು. ಅಳೀಬೇಕು."

"ಈಗ ತಾನೇ ಬಿಗಿದಿದೀನಲ್ಲೇ. ಅಪ್ಪನ ಕೈ ಮೇಲೆ ನಂಬಿಕೆ ಇಲ್ವಾ?"

"ಕೊಡಪ್ಪ."

ಆಕೆ ಕಿಟಕಿ ಇಳಿಸಿದರು. ಕೈ ಇನ್ನೂ ತೊಡೆಯ ಮೇಲೆ, ಈಗ ಅಲುಗದೆ. "ಮತ್ತೆ ಬಿಚ್ತೀರಾ?" ಭಯದ ದನಿ. ಬೆಳಗ್ಗೆ ಬಂದವರು ಇವರೇ ಎಂದು ನಂಬಲಾಗಲಿಲ್ಲ. "ದಯವಿಟ್ಟು ಬಿಚ್ಚಬೇಡಿ. ಈಗಷ್ಟೇ ಬಂದು ಕೂತಿದ್ದಾರೆ."

"ಬಿಚ್ಚಲ್ಲ ಅಕ್ಕ. ಅಳತೆ ನೋಡ್ತೀನಿ, ಅಷ್ಟೇ. 0.3 ದಾಟಿದ್ರೆ ಚಕ್ರದಲ್ಲಿ ತಪ್ಪಿದೆ ಅಂತ ಅರ್ಥ. ಆಗ ಗಾಡಿ ನನ್ನ ಹತ್ತಿರ ಇರತ್ತೆ. ನೀವೇನೇ ಅಂದ್ರೂ ಕೊಡಲ್ಲ."

"ದಾಟದಿದ್ರೆ?"

"ದಾಟದಿದ್ರೆ ಗಾಡೀಲಿ ತಪ್ಪಿಲ್ಲ. ನಿಮ್ಮ ಗಾಡಿ, ನೀವು ತಗೊಂಡು ಹೋಗಿ. ಪ್ರತಿ ಭಾನುವಾರವೂ."

ಆಕೆ ತಲೆಯಾಡಿಸಿದರು. ಗಾಜು ಏರಿಸಿಕೊಂಡರು. ಒಳಗೆ ಯಾರೊಂದಿಗೋ ಮಾತಾಡುವಂತೆ ತುಟಿ ಅಲುಗುತ್ತಿತ್ತು.

ಅಪ್ಪ ಒಂದೊಂದೇ ಮೂಲೆ ಎತ್ತಿದ. ನಾನು ಗೇಜಿನ ಕಾಲನ್ನು ಚೀಲದಿಂದ ತೆಗೆದ ಕಬ್ಬಿಣದ ತಟ್ಟೆಯ ಮೇಲೆ ನಿಲ್ಲಿಸಿ, ಮೊನೆಯನ್ನು ರಿಮ್ಮಿಗೆ ತಾಗಿಸಿ, ಚಕ್ರವನ್ನು ಬೆರಳಿನಿಂದ ನಿಧಾನಕ್ಕೆ ತಿರುಗಿಸಿದೆ. ಹಿಂದಿನ ಒಂದು 0.05. ಇನ್ನೊಂದು 0.06. ಮುಂದಿನದು, ಆಕೆ ಕೂತಿದ್ದ ಕಡೆ, 0.05. ಮೂರನ್ನೂ ಎರಡೆರಡು ಸಲ ನೋಡಿದೆ.

ಉಳಿದದ್ದು ಚಾಲಕನ ಕಡೆಯ ಮುಂದಿನ ಚಕ್ರ. ಅಪ್ಪ ಜಾಕ್ ಏರಿಸಿ ಪಕ್ಕದಲ್ಲೇ ಕೂತ. ಗೇಜಿನ ಮುಖವನ್ನು ಸೊನ್ನೆಗೆ ತಿರುಗಿಸಿ ಚಕ್ರವನ್ನು ಒಂದು ಪೂರ್ತಿ ಸುತ್ತು ಸುತ್ತಿಸಿದೆ, ಇನ್ನೊಂದು ಸುತ್ತು, ಮತ್ತೊಂದು. ಮುಳ್ಳು ಮೂರು ಸಲವೂ ಅಷ್ಟೇ ಓಡಾಡಿ ನಿಂತಿತು.

0.04 ಮಿಲಿಮೀಟರ್.