ಕಚ್ಚಾ ಹೊಲಿಗೆಯ ಕೋಟು

ಅಕ್ಕನ ಫೋನಿನೊಳಗೆ ಒಂದು ಗುಂಪಿತ್ತು. ಉಡುಗೆ ತೊಡುಗೆಯ ಹುಚ್ಚು ಹತ್ತಿಸಿಕೊಂಡ ಮೂರು ಸಾವಿರ ಜನ ಅಲ್ಲಿ ದಿನವೂ ಫೋಟೊ ಹಾಕುತ್ತಿದ್ದರು: ತೊಟ್ಟ ಅಂಗಿ, ಓದುತ್ತಿರುವ ಪುಸ್ತಕ, ಕಿಟಕಿಯ ಗಿಡ, ತಾತನ ಕೈಗಡಿಯಾರ. ಅಕ್ಕನಿಗೆ ಅಲ್ಲಿ ಬಗೆಬಗೆಯ ಅಭಿರುಚಿಗಳಿದ್ದವು. ತನ್ನದೆಂದು ಅವಳು ಹಾಕುತ್ತಿದ್ದ ಪುಸ್ತಕ ತಂಗಿಯದು, ಗಿಡ ತಂಗಿಯದು, ಪೆನ್ಸಿಲ್ಲಿನಲ್ಲಿ ಬರೆದ ಹಕ್ಕಿಗಳೂ ತಂಗಿಯವೇ. ಬಾಯಿಸತ್ತ ತಂಗಿ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದಳು.

ಆದರೆ ಕೋಟು ತಂಗಿಯದಲ್ಲ.

ಅದು ಹಲ್ಲಿನ ಡಾಕ್ಟರಮ್ಮನದು. ತಂಗಿ ಕೆಲಸಕ್ಕಿದ್ದ ಹೊಲಿಗೆ ಅಂಗಡಿಯ ಒಡತಿ ಟೇಲರಮ್ಮ, ಎರಡು ವರ್ಷದಲ್ಲಿ ಮೊದಲ ಸಲ ಅವಳನ್ನು ನಂಬಿ, ಒಳಪದರದ ಕೈಹೊಲಿಗೆಗೆಂದು ಅದನ್ನು ಮನೆಗೆ ಕೊಟ್ಟು ಕಳಿಸಿದ್ದರು. "ನೀಟಾಗಿ ಮುಗಿಸ್ಕೊಂಡು ಬಾ. ಸೋಮವಾರದಿಂದ ಕತ್ತರಿ ನಿನ್ನ ಕೈಗೆ." ಕತ್ತರಿ ಬಂದರೆ ದೊಡ್ಡ ಮೇಜು ಬಂದಂತೆ, ಕಾಜಾ ಗುಂಡಿಯ ಮೂಲೆಯಿಂದ ಬಿಡುಗಡೆ.

ಭಾನುವಾರ ತಂಗಿ ಬಣ್ಣಕ್ಕೆ ಹೊಂದುವ ದಾರ ತರಲು ಹೋದ ಒಂದು ಗಂಟೆಯಲ್ಲಿ ಅಕ್ಕ ಕೋಟು ತೊಟ್ಟು, ಮಹಡಿ ಹತ್ತಿ, ಫೋಟೊ ತೆಗೆದುಕೊಂಡು, ಏನೂ ಅರಿಯದವಳಂತೆ ಮತ್ತೆ ನೇತುಹಾಕಿದ್ದಳು.

ಸೋಮವಾರ ತಂಗಿ ಕೋಟು ಹಿಡಿದು ಅಂಗಡಿಗೆ ಕಾಲಿಟ್ಟೊಡನೆ ಟೇಲರಮ್ಮ ತಮ್ಮ ಫೋನನ್ನು ಅವಳ ಮೂಗಿನ ಮುಂದೆ ಹಿಡಿದರು. ಡಾಕ್ಟರಮ್ಮನೂ ಅದೇ ಗುಂಪಿನಲ್ಲಿದ್ದರು. ಫೋಟೊ ಕಳಿಸಿದ್ದು ಅವರೇ. ಹಸಿರು ಕೋಟಿನಲ್ಲಿ ಅಕ್ಕ. ಕೆಳಗೆ ಬರಹ: "ನನ್ನ ಬೀರುವಿನ ಹಳೇ ಕೋಟು. ತೋಳಿನ ಬಿಳಿ ದಾರದ ಚಿತ್ತಾರ ನನ್ನದೇ ಕಲ್ಪನೆ!"

ಚಿತ್ತಾರವೂ ಅಲ್ಲ, ಮಣ್ಣೂ ಅಲ್ಲ. ತೋಳು ಸರಿಯಾಗಿ ಕೂರಲೆಂದು ತಂಗಿ ಹಾಕಿದ್ದ ಕಚ್ಚಾ ಹೊಲಿಗೆ ಅದು; ಕೊನೆಯ ಇಸ್ತ್ರಿಗೆ ಮುಂಚೆ ಕಿತ್ತೆಸೆಯುವ ದಾರ. ಆರು ನೂರು ಜನ ಮೆಚ್ಚಿಕೊಂಡಿದ್ದರು.

"ಯಾರಿವಳು?"

"ಅಕ್ಕ."

"ನಾನು ಕೊಟ್ಟಿದ್ದು ನಿನ್ನ ಕೈಗೆ, ನಿಮ್ಮ ವಂಶಕ್ಕಲ್ಲ. ಸಂಜೆಯೊಳಗೆ ಆ ಗುಂಪಲ್ಲೇ ನಿಜ ಬರೀಲಿ. ಇಲ್ಲಾಂದ್ರೆ ನಾಳೆ ನೀನು ಬರಬೇಡ."

ಮಧ್ಯಾಹ್ನ ಮನೆಗೆ ಓಡಿದಳು. ಅಕ್ಕ ಉಗುರಿಗೆ ಬಣ್ಣ ಹಚ್ಚುತ್ತಿದ್ದಳು.

"ಬರೆಯಲ್ಲ ಹೋಗೇ. ಆರು ನೂರು ಜನ ಕಣೇ! ನಿಮ್ಮ ಡಾಕ್ಟರಮ್ಮನ ಕೋಟೇನು ಸವೆದು ಹೋಯ್ತಾ?"

"ನನ್ನ ಕೆಲಸ ಹೋಗತ್ತೆ, ಅಕ್ಕಾ."

"ಗುಂಡಿ ಹೊಲಿಯೋ ಕೆಲಸ ತಾನೆ? ಹೋಗ್ಲಿ ಬಿಡು. ಬಾಯಿ ಬಿಟ್ರೆ ಮುತ್ತು ಉದುರತ್ತೆ ಅನ್ನೋ ಹಾಗೆ ಕೂತಿರ್ತೀಯ, ಇವತ್ತೆಲ್ಲಿಂದ ಬಂತು ಈ ಬಾಯಿ?"

ತಂಗಿ ಮೂಲೆಗೆ ಹೋಗಿ ಫೋನು ತೆಗೆದಳು. ಅವಳೂ ಆ ಗುಂಪಿನಲ್ಲಿದ್ದಳು, ಒಂದಕ್ಷರ ಬರೆದವಳಲ್ಲ. ಫೋಟೊದ ಕೆಳಗೆ ಯಾರೋ ಕೇಳಿದ್ದರು: "ಈ ಚಿತ್ತಾರ ಹೇಗೆ ಹಾಕೋದು?" ಅದರ ಕೆಳಗೇ ಬರೆದಳು:

"ಇದು ಕಚ್ಚಾ ಹೊಲಿಗೆ. ಹಾಕಿದ್ದು ನಾನು. ಕೋಟು ನಮ್ಮ ಅಂಗಡಿಯ ಗಿರಾಕಿಯವರದು. ಹಿಂದಿನ ಫೋಟೊಗಳ ಪುಸ್ತಕ, ಗಿಡ, ಹಕ್ಕಿಗಳು ನನ್ನವು. ಮುಖ ಮಾತ್ರ ಅಕ್ಕನದು."

ಅಕ್ಕನ ಫೋನು ಟಿಣ್ ಟಿಣ್ ಎನ್ನತೊಡಗಿತು. ಓದುತ್ತ ಓದುತ್ತ ಅವಳ ಮುಖ ಸುಟ್ಟ ಬದನೆಕಾಯಿಯಾಯಿತು.

"ಮನೆಮುರುಕಿ! ಮೂರು ಸಾವಿರ ಜನರ ಮುಂದೆ ನನ್ನ ಮಾನ ಹರಾಜು ಹಾಕಿದ್ಯಲ್ಲೇ! ಇನ್ನು ನಿನ್ನ ಮುಖ ನೋಡಿದ್ರೆ ಕೇಳು!"

"ನೋಡ್ಬೇಡ. ನನ್ನ ಪುಸ್ತಕಾನೂ ಮುಟ್ಬೇಡ."

ಮರುದಿನ ಟೇಲರಮ್ಮ ಓದಿಯೇ ಕೂತಿದ್ದರು. "ಅವಳ ಕೈಲಿ ಬರೆಸು ಅಂದಿದ್ದೆ."

"ಬರೆಯಲ್ಲ ಅಂದ್ಲು."

ಟೇಲರಮ್ಮ ಕತ್ತರಿಯನ್ನು ಡ್ರಾಯರಿನಲ್ಲಿಟ್ಟು, ಗುಂಡಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು. "ಕೆಲಸ ಇದೆ. ಕತ್ತರಿ ಇಲ್ಲ. ಬಟ್ಟೆ ಕಾಯೋಕಾಗದವಳು ಬಟ್ಟೆ ಕತ್ತರಿಸೋದು ಬೇಡ."

ತಂಗಿ ಮೂಲೆಯಲ್ಲಿ ಕೂತು, ಕೋಟಿನ ತೋಳಿನಿಂದ ಬಿಳಿ ದಾರವನ್ನು ಸೂಜಿಮೊನೆಯಲ್ಲಿ ಎಬ್ಬಿಸಿ ಎಬ್ಬಿಸಿ ಕಿತ್ತಳು.

ಸಂಜೆ ಮನೆಯ ದಾರಿಯಲ್ಲಿ ಬೀಗದಂಗಡಿಗೆ ಹೋಗಿ ತನ್ನ ಬೀರುವಿಗೊಂದು ಬೀಗ ಕೇಳಿದಳು. ಚಿಕ್ಕದು ಸಾಕಲ್ವಾ ಎಂದ ಅಂಗಡಿಯವನು.

"ದೊಡ್ಡದೇ ಕೊಡಿ. ದೂರದಿಂದ ಕಾಣ್ಬೇಕು."