ಒದ್ದೆ ರಸ್ತೆಯಲ್ಲಿ ಎರಡು ಮೀಟರ್

ಡ್ರೈವಿಂಗ್ ಶಾಲೆ ಎಂದರೆ ದೊಡ್ಡದೇನೂ ಅಲ್ಲ. ಒಂದು ಬಿಳಿ ಕಾರು, ಅದರ ನೆತ್ತಿಯ ಮೇಲೊಂದು ಹಳದಿ ಬೋರ್ಡು, ಒಳಗೆ ಪಕ್ಕದ ಸೀಟಿನವರ ಕಾಲಿಗೂ ಸಿಗುವಂತೆ ಇನ್ನೊಂದು ಬ್ರೇಕು. ಇಷ್ಟನ್ನೇ ಇಟ್ಟುಕೊಂಡು ಹನ್ನೊಂದು ವರ್ಷದಿಂದ ಶಾಲೆ ನಡೆಸುತ್ತಿದ್ದವರನ್ನು ಊರೆಲ್ಲ ಮೇಡಂ ಎಂದೇ ಕರೆಯುತ್ತಿತ್ತು. ಅವರ ಕೈಯಲ್ಲಿ ಕಲಿತವರು ಇವತ್ತು ಆಂಬುಲೆನ್ಸ್ ಓಡಿಸುತ್ತಿದ್ದರು, ಶಾಲೆಯ ವ್ಯಾನು ಓಡಿಸುತ್ತಿದ್ದರು. ಒಬ್ಬನಂತೂ ಮೂರು ಸಲ ಪರೀಕ್ಷೆಯಲ್ಲಿ ಫೇಲಾಗಿ, ನಾಲ್ಕನೇ ಸಲ ಪಾಸಾಗಿ, ಕಾರುಗಳ ಮೇಲಿನ ಮಮತೆ ಬಿಡಲಾರದೆ ಟೈರಿನ ಅಂಗಡಿಯನ್ನೇ ಇಟ್ಟಿದ್ದ.

ಆ ವರ್ಷ ಮಳೆಗಾಲಕ್ಕೆ ಒಂದು ತಿಂಗಳಿರುವಾಗ ಮೇಡಂ ಹೋದದ್ದು ಅವನ ಅಂಗಡಿಗೇ. ನಾಲ್ಕೂ ಟೈರುಗಳ ಗೆರೆ ಸವೆದು ನುಣ್ಣಗಾಗಿತ್ತು. ಜೊತೆಗೆ ಅವರ ಅಪ್ಪನೂ ಹೊರಟರು. ಕರೆದಿರಲಿಲ್ಲ. ಆದರೆ ಮೂವತ್ತನಾಲ್ಕು ವರ್ಷ ಬಸ್ಸು ಓಡಿಸಿ ನಿವೃತ್ತರಾದವರನ್ನು ಬಿಟ್ಟು ಟೈರು ತರಲು ಹೋಗುವುದು ಆ ಮನೆಯಲ್ಲಿ ಆಗುವ ಮಾತಲ್ಲ.

ಟೈರಿನವನು ಇಬ್ಬರಿಗೂ ಸ್ಟೂಲು ಹಾಕಿ, ಮೂರು ಥರದ ಟೈರುಗಳನ್ನು ಉರುಳಿಸಿಕೊಂಡು ಬಂದ. ಮೊದಲನೆಯದು ಹೆಸರು ಕೇಳಿದರೇ ಜನ ತಲೆದೂಗುವಂಥ ಕಂಪನಿಯದು. ಎರಡನೆಯದು ನಡುವಿನದು. ಮೂರನೆಯದರ ಹೆಸರನ್ನು ಅವನೂ ಎರಡು ಸಲ ತಪ್ಪಾಗಿ ಓದಿದ. ಬೆಲೆಯಲ್ಲಿ ಅದು ಮೊದಲನೆಯದರ ಅರ್ಧಕ್ಕಿಂತ ಕಡಿಮೆ.

ಮೇಡಂ ಅರೆಗಳಿಗೆಯೂ ಯೋಚಿಸದೆ ಮೂರನೆಯದರ ಕಡೆ ಕೈ ತೋರಿಸಿದರು. ಅವರ ಲೆಕ್ಕಾಚಾರ ತಪ್ಪೇನೂ ಆಗಿರಲಿಲ್ಲ. ಕಲಿಯುವವರು ಕಾರು ನಿಲ್ಲಿಸುವಾಗ ದಿನಕ್ಕೊಂದು ಸಲವಾದರೂ ಫುಟ್‌ಪಾತಿನ ಅಂಚಿಗೆ ಟೈರಿನ ಪಕ್ಕೆ ಉಜ್ಜಿಯೇ ಉಜ್ಜುತ್ತಾರೆ. ದುಬಾರಿ ಟೈರಾದರೂ ಗೀರು ಬೀಳುವುದೇ, ಅಗ್ಗದ್ದಾದರೂ ಬೀಳುವುದೇ. ಮೇಲಾಗಿ ಕಾರಿನ ವೇಗ ನಲವತ್ತು ದಾಟುವುದೇ ಅಪರೂಪ.

ಅಪ್ಪ ಮೂಗು ಮುರಿದರು. ತಮ್ಮ ಅಂಗೈ ಚಾಚಿ ಮಗಳ ಮುಂದೆ ಹಿಡಿದರು. “ನೋಡಮ್ಮ, ಇಷ್ಟೇ ಜಾಗ. ಒಂದೊಂದು ಟೈರು ನೆಲ ಮುಟ್ಟೋದು ಇಷ್ಟಗಲ. ಇಡೀ ಕಾರು, ಅದರೊಳಗಿನ ಜೀವ, ಎಲ್ಲಾ ಈ ನಾಲ್ಕು ಅಂಗೈ ಮೇಲೆ ನಿಂತಿರುತ್ತೆ.”

“ಅಪ್ಪ, ನಿನ್ನ ಕಾರಿಗೆ ಹಾಕ್ಸಿದ್ದೀಯಲ್ಲ ಒಳ್ಳೇದು, ಸಾಕು. ನಂದು ಪಾಠ ಕಲಿಸೋ ಕಾರು.”

ಅಪ್ಪನ ಕಾರಿನ ವಿಷಯ ಇಲ್ಲಿ ಹೇಳಬೇಕು. ಅದೂ ಮಗಳದ್ದೇ ಮಾದರಿಯ ಬಿಳಿ ಕಾರು. ನಿವೃತ್ತರಾದ ವರ್ಷ ಕೊಂಡದ್ದು. ಕೊಂಡ ವಾರದಲ್ಲೇ ಕಂಪನಿ ಕೊಟ್ಟ ಟೈರು ಬಿಚ್ಚಿಸಿ, ಪೇಟೆಯಲ್ಲಿ ಸಿಗುವ ಅತ್ಯುತ್ತಮ ಟೈರು ಹಾಕಿಸಿಕೊಂಡಿದ್ದರು. ಅಲ್ಲಿಂದ ಮುಂದೆ ಅದಕ್ಕೆ ರಾಜೋಪಚಾರ. ಭಾನುವಾರ ತೊಳೆಯುವುದು, ಮಾರುಕಟ್ಟೆಯ ತುದಿಯವರೆಗೆ ಹೋಗಿ ಬರುವುದು, ಹೊದಿಕೆ ಹೊದಿಸಿ ಮಲಗಿಸುವುದು. ಟೈರಿನ ಗೆರೆಯೊಳಗೆ ಬೆರಳು ಇಟ್ಟು ಬಂದವರಿಗೆಲ್ಲ ತೋರಿಸುತ್ತಿದ್ದರು: ಇವತ್ತಿಗೂ ಹೊಸದರ ಹಾಗಿದೆ.

ಅಂಗಡಿಯಲ್ಲಿ ಮಾತಿಗೆ ಮಾತು ಬೆಳೆಯಿತು. ಕೊನೆಗೆ ಟೈರಿನವನು, ದುಡ್ಡು ಕೊಡುವವರು ಯಾರೋ ಟೈರು ಅವರದ್ದು ಎಂದು ಮೆಲ್ಲಗೆ ತೀರ್ಪು ಕೊಟ್ಟ. ಅಗ್ಗದ ಟೈರು ಕಾರಿಗೆ ಏರಿತು. ಮನೆ ಬಂದಾಗ ಅಪ್ಪ, ಇದೇನು ಟೈರೋ ಹಿಟ್ಟಿನ ಗಿರಣಿಯೋ, ಇಷ್ಟು ಸದ್ದು ಎಂದು ಗೊಣಗಿ ಇಳಿದರು.

ಸದ್ದು ಇದ್ದದ್ದು ನಿಜ. ಆದರೆ ಬೇಸಿಗೆಯ ಕೊನೆಯ ದಿನಗಳಲ್ಲಿ ಆ ಟೈರುಗಳು ಬೇರಾವ ತಕರಾರನ್ನೂ ಮಾಡಲಿಲ್ಲ. ಫುಟ್‌ಪಾತಿಗೆ ಉಜ್ಜಿದಾಗ ಮೇಡಂಗೆ ಮೊದಲಿನಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಅಪ್ಪ ಕೇಳಿದಾಗಲೆಲ್ಲ, ಚೆನ್ನಾಗಿದೆ ಅಪ್ಪ, ಬೆಣ್ಣೆ ಇದ್ದ ಹಾಗಿದೆ ಎನ್ನುತ್ತಿದ್ದರು.

ಆಗ ಅವರ ಹತ್ತಿರ ಕಲಿಯಲು ಸೇರಿದ್ದವರಲ್ಲಿ ಅಂಚೆ ಕಚೇರಿಯ ಅಕ್ಕ ಒಬ್ಬರು. ಅರವತ್ತೊಂದು ವರ್ಷ. ಕೌಂಟರಿನ ಹಿಂದೆ ಕೂತು ಜೀವಮಾನವೆಲ್ಲ ಬೇರೆಯವರ ಪಾರ್ಸೆಲ್ಲುಗಳನ್ನು ದೂರದೂರಿಗೆ ಕಳಿಸಿದ್ದಾಯಿತು, ಇನ್ನು ನನ್ನನ್ನು ನಾನೇ ಕಳಿಸಿಕೊಳ್ಳುತ್ತೇನೆ ಎಂದು ಬಂದವರು. ಗಂಡನಿಗೆ ಕಣ್ಣಿನ ಆಪರೇಷನ್ ಆಗಿ ಕಾರು ಮನೆಯಲ್ಲೇ ನಿಂತಿತ್ತು. ಅಕ್ಕನ ಚಾಲನೆ ಅವರ ಕೈಬರಹದ ಹಾಗೆಯೇ ಒಪ್ಪ. ಗೇರು ಬದಲಿಸುವ ಮೊದಲು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು. ತಿರುವಿಗೆ ಅರ್ಧ ಬೀದಿ ಇರುವಾಗಲೇ ಇಂಡಿಕೇಟರ್ ಹಾಕುತ್ತಿದ್ದರು. ಧೈರ್ಯ ಮಾತ್ರ ದಿನಕ್ಕೊಂದು ಹನಿಯಂತೆ ಸೇರುತ್ತಿತ್ತು.

ಮಳೆ ಹಿಡಿದ ಮೊದಲ ವಾರ. ಬೆಳಿಗ್ಗೆ ಹತ್ತರ ಹೊತ್ತು. ಆಸ್ಪತ್ರೆ ರಸ್ತೆಯ ಇಳಿಜಾರಿನಲ್ಲಿ ಅಕ್ಕ ಕಾರನ್ನು ಜೋಪಾನವಾಗಿ ಇಳಿಸುತ್ತಿದ್ದರು. ವೇಗ ಮೂವತ್ತೈದೋ ನಲವತ್ತೋ. ಇದ್ದಕ್ಕಿದ್ದಂತೆ ಯಾರದೋ ಛತ್ರಿ ಗಾಳಿಗೆ ಹಾರಿ ರಸ್ತೆಗೆ ಬಿತ್ತು. ಅದರ ಬೆನ್ನಿಗೇ ಛತ್ರಿಯ ಒಡೆಯನೂ, ಅತ್ತ ಇತ್ತ ನೋಡದೆ, ಕೈ ಚಾಚಿಕೊಂಡು ಓಡಿಬಂದ.

ಅಕ್ಕ ಬ್ರೇಕು ಒತ್ತಿದರು. ಮೇಡಂ ಕೂಡ ತಮ್ಮ ಕಾಲಡಿಯ ಬ್ರೇಕು ಒತ್ತಿದರು. ಎರಡು ಕಾಲಿನ ಬಲ ಬಿದ್ದರೂ ಕಾರು ನಿಲ್ಲಲಿಲ್ಲ. ಚಕ್ರ ನಿಂತಿತ್ತು, ಕಾರು ಮಾತ್ರ ಸೋಪಿನ ಮೇಲೆ ಕೂತವರಂತೆ ಜಾರುತ್ತಿತ್ತು. ಮೇಡಂ ಪಕ್ಕದಿಂದಲೇ ಸ್ಟಿಯರಿಂಗಿಗೆ ಕೈ ಹಾಕಿ, ಒಂದು ಕ್ಷಣ ಬ್ರೇಕು ಬಿಡಿ ಎಂದು ಅಕ್ಕನಿಗೆ ಹೇಳಿ, ತಾವೂ ಬಿಟ್ಟು, ಚಕ್ರ ಹಿಡಿತ ಕಂಡ ಕೂಡಲೇ ಪಕ್ಕಕ್ಕೆ ತಿರುಗಿಸಿದರು. ಛತ್ರಿಯವನು ಒಂದು ಮೊಳದ ಅಂತರದಲ್ಲಿ ಉಳಿದ. ಕಾರು ಕಟಿಂಗ್ ಶಾಪಿನ ಮುಂದಿದ್ದ ದೊಡ್ಡ ಹೂಕುಂಡಕ್ಕೆ ಮೂತಿ ಇಟ್ಟು ನಿಂತಿತು. ಕುಂಡ ಎರಡು ಹೋಳಾಯಿತು. ಒಳಗೆ ಗಡ್ಡಕ್ಕೆ ಅರ್ಧ ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿ, ಕತ್ತಿನ ಬಟ್ಟೆ ಸಮೇತ ಎದ್ದು ಬಾಗಿಲಿಗೆ ಬಂದು ನೋಡಿದ.

ಯಾರಿಗೂ ಪೆಟ್ಟಾಗಿರಲಿಲ್ಲ. ಹೊಸ ಕುಂಡ ತರಿಸಿಕೊಡುತ್ತೇನೆಂದು ಮೇಡಂ ಒಪ್ಪಿಕೊಂಡರು. ಅಂಗಡಿಯವನು ದೊಡ್ಡ ಮನಸ್ಸು ಮಾಡಿ ಅಕ್ಕನಿಗೆ ನೀರು ತಂದುಕೊಟ್ಟ. ಅಕ್ಕ, ತಾನೇನು ತಪ್ಪು ಮಾಡಿದೆ ಎಂದು ಕೇಳಿದರು. ಮೇಡಂ ಹನ್ನೊಂದು ವರ್ಷದ ಅಭ್ಯಾಸದಿಂದ ಬಾಯಿಗೆ ಬಂದದ್ದನ್ನೇ ಹೇಳಿಬಿಟ್ಟರು.

“ಬ್ರೇಕು ಸ್ವಲ್ಪ ತಡವಾಗಿ ಒತ್ತಿದ್ರಿ, ಅಕ್ಕ.”

ಮರುದಿನ ಅಕ್ಕ ಪಾಠಕ್ಕೆ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೇಡಂ ಫೋನು ಮಾಡಿದಾಗ, ವಯಸ್ಸಾಯಿತು, ಕಾಲು ಬೇಗ ಏಳುವುದಿಲ್ಲ, ನಾಳೆ ಒಂದು ಜೀವ ಹೋದರೆ ಗತಿ ಏನು, ಬಿಟ್ಟುಬಿಡುತ್ತೇನೆ ಎಂದರು. ಮೇಡಂ ಎಷ್ಟು ಹೇಳಿದರೂ ಕೇಳಲಿಲ್ಲ.

ಫೋನು ಇಟ್ಟ ಮೇಲೆ ಮೇಡಂಗೆ ಊಟ ರುಚಿಸಲಿಲ್ಲ. ಅಕ್ಕ ತಡಮಾಡಿದ್ದರೇ? ಕಣ್ಣೆದುರಿಗೆ ಅದನ್ನೇ ಮತ್ತೆ ಮತ್ತೆ ತಂದುಕೊಂಡರು. ಇಬ್ಬರೂ ಒಟ್ಟಿಗೇ ಒತ್ತಿದ್ದೆವು ಎಂಬುದು ಎಷ್ಟು ಸಲ ನೆನೆದರೂ ಬದಲಾಗಲಿಲ್ಲ. ಕೊನೆಗೆ ಅಪ್ಪನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದರು. ಅಪ್ಪ ಎಗರಾಡಿಯಾರು ಎಂದುಕೊಂಡಿದ್ದರು. ಅವರು ಎಗರಾಡಲಿಲ್ಲ. ಮಗಳನ್ನು ಕೂರಿಸಿಕೊಂಡು, ಇದುವರೆಗೆ ಮನೆಯಲ್ಲಿ ಹೇಳದ ಒಂದು ಸಂಗತಿ ಹೇಳಿದರು.

ಬಸ್ಸಿನ ಕಾಲದಲ್ಲಿ ಟೈರು ಆರಿಸುವ ಹಕ್ಕು ಅವರಿಗೆ ಇರಲಿಲ್ಲ. ಡಿಪೋದವರು ಕೊಟ್ಟದ್ದೇ ಟೈರು. ಎಷ್ಟೋ ಸಲ ಸವೆದ ಟೈರಿಗೆ ಹೊಸ ರಬ್ಬರು ಅಂಟಿಸಿ ಕೊಡುತ್ತಿದ್ದರು. ಒಂದು ಮಳೆಯ ಮಧ್ಯಾಹ್ನ, ಸೇತುವೆಗೆ ಇಳಿಯುವ ರಸ್ತೆಯಲ್ಲಿ, ಐವತ್ತು ಜನರನ್ನು ಹೊತ್ತ ಬಸ್ಸು ಬ್ರೇಕು ಹಾಕಿದರೂ ನಿಲ್ಲದೆ ಜಾರಿ, ಸೇತುವೆಯ ಕಂಬಿಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ವಿಚಾರಣೆಯಲ್ಲಿ ಮಾತ್ರ ‘ಚಾಲಕನ ಅಜಾಗರೂಕತೆ’ ಎಂದು ಬರೆದರು.

“ಆ ಮಾತು ಇನ್ನೂ ಇಲ್ಲಿದೆ ಕಣಮ್ಮ,” ಎಂದು ಅಪ್ಪ ಎದೆ ಮುಟ್ಟಿಕೊಂಡರು. “ರಿಟೈರಾದ ತಕ್ಷಣ ನಾನು ಮೊದಲು ಮಾಡಿದ ಕೆಲಸ, ನಂಗೆ ಬೇಕಾದ ಟೈರು ಹಾಕ್ಸಿಕೊಂಡಿದ್ದು. ಆ ಅಕ್ಕನ ಮೇಲೆ ಹಾಗೆ ಹೊರಿಸಬೇಡ. ಅಳೆದು ನೋಡೋಣ.”

ಭಾನುವಾರ ಬೆಳಿಗ್ಗೆ ಟೈರಿನ ಅಂಗಡಿಯ ಹಿಂದಿನ ಹಳೆಯ ಲಾರಿ ನಿಲ್ದಾಣದಲ್ಲಿ ನಾಲ್ವರು ಸೇರಿದರು. ಅಂಚೆ ಕಚೇರಿಯ ಅಕ್ಕನನ್ನು, ಬರೀ ಟೇಪು ಹಿಡಿಯಲು ಬನ್ನಿ ಎಂದು ಪುಸಲಾಯಿಸಿ ಕರೆತಂದಿದ್ದರು. ಟೈರಿನವನು ಪೈಪು ಹಿಡಿದು ಸಿಮೆಂಟು ನೆಲವನ್ನು ಉದ್ದಕ್ಕೂ ನೆನೆಸಿದ. ಸುಣ್ಣದಲ್ಲಿ ಒಂದು ಗೆರೆ ಎಳೆದ. ನಲವತ್ತರ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕು ಒತ್ತುವುದು, ಕಾರು ನಿಂತಲ್ಲಿಗೆ ಅಳೆಯುವುದು. ಎಲ್ಲ ಸಲವೂ ಓಡಿಸುವವರು ಮೇಡಂ ಒಬ್ಬರೇ.

ಮೊದಲು ಅಗ್ಗದ ಟೈರು. ಹದಿನಾಲ್ಕೂವರೆ ಮೀಟರ್. ಅಕ್ಕ ಟೇಪಿನ ತುದಿಯನ್ನು ಕನ್ನಡಕಕ್ಕೆ ತಾಗುವಷ್ಟು ಹತ್ತಿರ ಹಿಡಿದು ಓದಿ, ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಆಮೇಲೆ ಅಪ್ಪನ ಕಾರು. ಹೊದಿಕೆ ತೆಗೆದು, ಒರೆಸಿ, ಮದುವಣಗಿತ್ತಿಯನ್ನು ಕರೆತರುವ ಹಾಗೆ ತಂದಿದ್ದರು. ಈಗ ನೋಡಿ ಎಂದು ಗೆರೆಯ ಪಕ್ಕ ಕೈಕಟ್ಟಿ ನಿಂತರು. ಕಾರು ಬಂತು, ಬ್ರೇಕು ಬಿತ್ತು, ಕಾರು ಅಗ್ಗದ ಟೈರು ನಿಂತ ಜಾಗವನ್ನು ದಾಟಿಕೊಂಡು ನಿಧಾನವಾಗಿ ಮುಂದೆ ಹೋಗಿ ನಿಂತಿತು. ಹದಿನಾರು ಮೀಟರಿಗಿಂತ ಹೆಚ್ಚು.

ಅಕ್ಕ ಎರಡು ಸಲ ಓದಿದರು. ಇನ್ನೊಮ್ಮೆ ಓಡಿಸಿ ಎಂದು ಅಪ್ಪ ಹೇಳಿದರು. ಇನ್ನೊಮ್ಮೆಯೂ ಅಷ್ಟೇ. ಅಪ್ಪನ ಮುಖ ಸಪ್ಪಗಾಯಿತು.

ಟೈರಿನವನು ಕುಕ್ಕರುಗಾಲಲ್ಲಿ ಕೂತು ಟೈರಿನ ಪಕ್ಕೆಯನ್ನು ಬಟ್ಟೆಯಿಂದ ಒರೆಸಿದ. ಅಲ್ಲಿ ನಾಲ್ಕು ಅಂಕಿಗಳಿದ್ದವು. ತಯಾರಾದ ವಾರ ಎರಡು ಅಂಕಿ, ವರ್ಷ ಎರಡು ಅಂಕಿ. ಒಂಬತ್ತು ವರ್ಷ ಹಿಂದಿನದು. ಉಗುರು ಒತ್ತಿ ತೋರಿಸಿದ. ಒಳಗೆ ಇಳಿಯಲೇ ಇಲ್ಲ.

“ದೊಡ್ಡವರೇ, ಗೆರೆ ಎಷ್ಟೇ ಆಳ ಇರ್ಲಿ, ರಬ್ಬರು ಮುದಿಯಾಗಿ ಕಲ್ಲಾಗಿದೆ. ನೀವು ಓಡಿಸಿ ಸವೆಸಿಲ್ಲ ನಿಜ. ವರ್ಷ ಅದರ ಪಾಡಿಗೆ ಅದು ತಿಂದುಹಾಕಿದೆ.”

ಅಪ್ಪ ಹೋಗಿ ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು. ಮೇಡಂಗೆ ಗೆದ್ದೆ ಎನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಟೈರಿನವನು ಇಷ್ಟಕ್ಕೆ ಬಿಡಲಿಲ್ಲ. ಅದೇ ಅಳತೆಯ ಹೊಸ ಟೈರುಗಳನ್ನು ಮೇಡಂ ಕಾರಿಗೆ ಒಂದಾದ ಮೇಲೊಂದರಂತೆ ಹಾಕಿಕೊಟ್ಟ. ದುಬಾರಿಯದು ಹನ್ನೆರಡು ಮೀಟರಿನಲ್ಲಿ ನಿಂತಿತು. ನಡುವಿನದು ಹನ್ನೆರಡೂವರೆ. ಅಂದರೆ ಅಗ್ಗದ್ದಕ್ಕೂ ನಡುವಿನದಕ್ಕೂ ಎರಡು ಮೀಟರ್. ಮೇಡಂ ಆ ಎರಡು ಮೀಟರಿನ ಒಂದು ತುದಿಯಲ್ಲಿ ಹೋಗಿ ನಿಂತರು. ಇನ್ನೊಂದು ತುದಿಯಲ್ಲಿ ಟೇಪು ಹಿಡಿದುಕೊಂಡು ಅಕ್ಕ ನಿಂತಿದ್ದರು. ಒಬ್ಬ ಮನುಷ್ಯ ಕೈ ಚಾಚಿ ಛತ್ರಿ ಹಿಡಿಯಲು ಬಗ್ಗಿದರೆ ಹಿಡಿಸುವಷ್ಟು ಜಾಗ.

“ಅಕ್ಕ, ಅವತ್ತು ನೀವು ತಡ ಮಾಡಿರಲಿಲ್ಲ,” ಎಂದರು ಮೇಡಂ. “ನಾನೂ ನಿಮ್ಮ ಜೊತೇಲೇ ಬ್ರೇಕು ಒತ್ತಿದ್ದೆ. ನಂಗೆ ಗೊತ್ತಿತ್ತು. ಆದ್ರೂ ನಿಮ್ಮ ಮೇಲೆ ಹಾಕ್ದೆ. ತಪ್ಪು ನಂದು.”

ಅಕ್ಕ ಟೇಪನ್ನು ಸುತ್ತಿ ಮುಗಿಸಿದರು. “ಇಳಿಜಾರಲ್ಲಿ ವೇಗ ಇನ್ನೂ ಕಡಿಮೆ ಮಾಡ್ಬೇಕಿತ್ತು. ಅದು ನಂದೇ,” ಎಂದರು. “ಮಿಕ್ಕಿದ್ದು ನೀವು ಇಟ್ಕೊಳ್ಳಿ.” ಎಂಟು ದಿನದಲ್ಲಿ ಮೊದಲ ಸಲ ನಕ್ಕರು.

ಮೇಡಂ ನಡುವಿನ ಟೈರನ್ನೇ ಉಳಿಸಿಕೊಂಡರು. ಕಲಿಯುವವರಿಗೇ ತಾನೇ ಬ್ರೇಕು ತಡವಾಗುವುದು, ಜಾಸ್ತಿ ಜಾಗ ಬೇಕಾಗುವುದೂ ಅವರಿಗೇ ಎಂಬುದು ಇಷ್ಟು ದಿನ ತಲೆಗೆ ಹೊಳೆಯದೆ ಹೋದದ್ದಕ್ಕೆ ತಮ್ಮನ್ನೇ ಬೈದುಕೊಂಡರು. ಫುಟ್‌ಪಾತಿನ ಗೀರುಗಳಿಗೂ ಒಂದು ದಾರಿ ಕಂಡಿತು. ಟೈರಿನವನಿಂದ ಗುಜರಿಯ ಟೈರುಗಳನ್ನು ಕೇಳಿ ತಂದು ಮೈದಾನದಲ್ಲಿ ಸಾಲಾಗಿ ಮಲಗಿಸಿ, ಮೊದಲ ಎರಡು ವಾರ ಅವುಗಳ ಪಕ್ಕದಲ್ಲೇ ಕಾರು ನಿಲ್ಲಿಸುವುದನ್ನು ಕಲಿಸತೊಡಗಿದರು. ಅಗ್ಗದ ಟೈರುಗಳನ್ನು ಟೈರಿನವನು ಅರ್ಧ ಬೆಲೆಗೆ ವಾಪಸು ಪಡೆದು, ಮನೆಯಿಂದ ಗೋದಾಮಿಗೆ ಇಪ್ಪತ್ತರ ವೇಗದಲ್ಲಿ ಹೋಗಿಬರುವ ಒಬ್ಬ ವ್ಯಾಪಾರಿಗೆ, ಮಳೆಯಲ್ಲಿ ಹುಷಾರು ಎಂದು ಹೇಳಿಯೇ ಹಾಕಿಕೊಟ್ಟ.

ಅಂಚೆ ಕಚೇರಿಯ ಅಕ್ಕ ಮುಂದಿನ ತಿಂಗಳು ಪರೀಕ್ಷೆಗೆ ಕೂತರು. ಅಂದು ಜಿಟಿಜಿಟಿ ಮಳೆ. ಇನ್‌ಸ್ಪೆಕ್ಟರು ಸ್ವಲ್ಪ ಬೇಗ ಹೋಗಿ ಎಂದರೂ, ರಸ್ತೆ ಒದ್ದೆ ಇದೆ ಸಾರ್ ಎಂದು ತಮ್ಮ ವೇಗ ಬಿಡಲಿಲ್ಲವಂತೆ. ಪಾಸಾದರು.

ಅಪ್ಪ ನಾಲ್ಕು ದಿನ ಕಾರಿನ ಹತ್ತಿರ ಸುಳಿಯಲಿಲ್ಲ. ಐದನೇ ದಿನ ಒಬ್ಬರೇ ಹೋಗಿ ಹೊಸ ಟೈರು ಹಾಕಿಸಿಕೊಂಡು ಬಂದರು. ಯಾವುದು ಎಂದು ಮಗಳು ಕೇಳಿದರೆ, ಇದೇ ವರ್ಷದ್ದು ಎಂದಷ್ಟೇ ಹೇಳಿದರು. ಮಳೆ ತಗ್ಗಿದ ಒಂದು ಗುರುವಾರ ಮೇಡಂ ಪಾಠ ಮುಗಿಸಿ ಬರುವಾಗ ಅಪ್ಪನ ಶೆಡ್ಡು ಖಾಲಿ ಇತ್ತು. ಹೊದಿಕೆ ಮಡಚಿ ಮೂಲೆಯಲ್ಲಿಟ್ಟಿತ್ತು. ಗಾಬರಿಯಿಂದ ಫೋನು ಮಾಡಿದರು.

ಅಪ್ಪ ನಾಲ್ಕು ಗಂಟೆ ದಾರಿಯ ಊರಿನಲ್ಲಿದ್ದ ತಮ್ಮನ ಮನೆಯಲ್ಲಿದ್ದರು. ಆರು ವರ್ಷದಿಂದ ಹೋಗಬೇಕು ಹೋಗಬೇಕು ಎನ್ನುತ್ತಿದ್ದ ಮನೆ. ಫೋನಿನ ಹಿನ್ನೆಲೆಯಲ್ಲಿ ಚಿಕ್ಕಪ್ಪನ ದೊಡ್ಡ ನಗು ಕೇಳುತ್ತಿತ್ತು.

“ಹೇಳದೆ ಹೋಗೋದಾ ಅಪ್ಪ?”

“ಹೇಳಿದ್ರೆ ಬೇಡ ಅಂತಿದ್ದೆ,” ಎಂದರು ಅಪ್ಪ. “ಭಾನುವಾರ ಬರ್ತೀನಿ. ಇಲ್ಲ, ಸೋಮವಾರ. ಇಲ್ಲಿಂದ ಮುಂದೆ ಒಂದು ಕೆರೆ ಇದೆಯಂತೆ, ನೋಡ್ಕೊಂಡು ಬರ್ತೀವಿ.”