ದೀಪ್ತಿಗೆ ಗೊತ್ತಿಲ್ಲದ ಒಂದು ಪದ

೧

ಎಲ್ಲಿಂದ ಶುರು ಮಾಡಲಿ? ಆಸ್ಪತ್ರೆಯಿಂದ ಶುರು ಮಾಡಿದರೆ ನೀವು ಸಾವನ್ನು ಕಾಯುತ್ತೀರಿ. ಪರೀಕ್ಷೆಯಿಂದಾದರೆ ಫಲಿತಾಂಶವನ್ನು. ಅದಕ್ಕೇ ಹುಡುಗಿಯಿಂದಲೇ ಶುರು ಮಾಡುತ್ತೇನೆ.

ದೀಪ್ತಿ, ಹತ್ತೊಂಬತ್ತು ವರ್ಷ. ಅಮೆರಿಕದ ಸನ್ನಿವೇಲಿನಲ್ಲಿ ನಮ್ಮ ಕೆಳಗಿನ ಅಪಾರ್ಟ್‌ಮೆಂಟಿನ ಗುಣಪಾಲ ಮತ್ತು ಜಯಂತಿಯವರ ಮಗಳು. ಎರಡು ಸಾವಿರನೇ ಇಸವಿ. ಜೊತೆಯವರು ಕಾಲೇಜನ್ನು ಅರ್ಧಕ್ಕೆ ಬಿಟ್ಟು ಡಾಟ್‌ಕಾಮ್ ಕಂಪನಿಗಳಿಗೆ ಸೇರುತ್ತಿದ್ದಾಗ ಇವಳು ಪ್ರೀಮೆಡ್ ಓದುತ್ತಿದ್ದಳು. ಅಂದರೆ ಇನ್ನೂ ಮೆಡಿಕಲ್ ಕಾಲೇಜಿಗೆ ಸೇರಿಲ್ಲ. ಸೇರಲು ತಾನು ಯೋಗ್ಯಳೆಂದು ನಾಲ್ಕು ವರ್ಷ ತೋರಿಸುತ್ತಲೇ ಇರಬೇಕು. ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಒಳ್ಳೆಯ ಗ್ರೇಡು, ಆಸ್ಪತ್ರೆಯಲ್ಲಿ ಸಂಬಳವಿಲ್ಲದ ಸೇವೆ, ಸುಸ್ತು ಕಾಣದ ಮುಖ. (ಕೊನೆಯದು ನಾನು ಸೇರಿಸಿದ್ದು.)

೨

ಒಂದು ಬುಧವಾರ ಬೆಳಿಗ್ಗೆ ಆಸ್ಪತ್ರೆಯಲ್ಲಿ ರೋಗಿಗಳಿಗೆ ಹೂವು ತಲುಪಿಸುತ್ತಿದ್ದ ದೀಪ್ತಿಯನ್ನು, ಕನ್ನಡ ಬರುತ್ತದೆಂದು, ಎಮರ್ಜೆನ್ಸಿಗೆ ಕರೆದರು. ಅಲ್ಲಿ ಕೆಂಪಮ್ಮ ಎಂಬ ಅಜ್ಜಿ ಕೂತಿದ್ದರು. ಮಂಡ್ಯ ಕಡೆಯವರು, ಮಗನ ಮನೆಗೆ ಬಂದವರು. ಮಗ ಶಿವರಾಮು ಇನ್ನೂ ಫ್ರೀವೇಯಲ್ಲಿದ್ದ. ಕರೆತಂದ ನೆರೆಮನೆಯಾಕೆಗೆ ಕನ್ನಡ ಬಾರದು.

"ಎದೆ ಉರೀತದೆ ಕಣವ್ವ. ಎಡಗೈ ಜೋಮು ಹಿಡ್ದದೆ," ಅಂದರು ಕೆಂಪಮ್ಮ.

ದೀಪ್ತಿಯ ಮನೆಯಲ್ಲಿ ತುಳು, ಹೊರಗೆ ಇಂಗ್ಲಿಷು, ನನ್ನಂಥ ಆಂಟಿಯರ ಜೊತೆ ಚೂರುಪಾರು ಕನ್ನಡ. ಎದೆ ಉರಿ ಗೊತ್ತಿತ್ತು. ಆ ಇನ್ನೊಂದು ಪದ ಗೊತ್ತಿರಲಿಲ್ಲ. ಹತ್ತೂವರೆಗೆ ಕೆಮಿಸ್ಟ್ರಿ ಮಿಡ್‌ಟರ್ಮು ಪರೀಕ್ಷೆ ಬೇರೆ.

"ಹಾರ್ಟ್‌ಬರ್ನ್," ಎಂದಳು.

ಬೇರೆ ಏನಾದರೂ ಹೇಳಿದರಾ ಎಂದು ನರ್ಸ್ ಕೇಳಿದಳು.

"ನೋ."

ಬರೀ ಅಸಿಡಿಟಿ ಎಂದು ನರ್ಸ್ ಬರೆದುಕೊಂಡಳು. ಅಜ್ಜಿಯನ್ನು ಕಾಯುವವರ ಸಾಲಿನಲ್ಲಿ ಕೂರಿಸಿದರು.

೪

(ಮೂರನೆಯದನ್ನು ಹರಿದು ಹಾಕಿದೆ. ಅದರಲ್ಲಿ ದೀಪ್ತಿ ಪರೀಕ್ಷೆ ಬಿಟ್ಟು ಅಜ್ಜಿಯ ಕೈ ಹಿಡಿದು ಕೂತಿದ್ದಳು. ಓದಿ ಹೇಳಿದಾಗ ಅವಳು ಅಲ್ಲವೆಂದು ತಲೆಯಾಡಿಸಿದಳು.

"ನೋ ಆಂಟಿ. ಐ ಲೆಫ್ಟ್. ಬಸ್ ಹಿಡ್ದು ಕಾಲೇಜಿಗೆ ಹೋದೆ."

"ಓದುವವರಿಗೆ ನಿನ್ನ ಮೇಲೆ ಬೇಜಾರಾಗುತ್ತೆ ಕಣೇ."

"ಆಗ್ಲಿ. ನಂಗೂ ಆಯ್ತು.")

ಪರೀಕ್ಷೆಗೆ ಹತ್ತು ನಿಮಿಷವಿರುವಾಗ ಅವಳು ಕಾಲೇಜಿನ ಪೇ ಫೋನಿನಿಂದ ಮನೆಗೆ ಫೋನು ಮಾಡಿದಳು. (ತಾಯಿ ಮಗಳು ಆಡಿದ್ದು ತುಳುವಿನಲ್ಲಿ. ನನಗೆ ಬರುವುದು ಕನ್ನಡ.)

"ಅಮ್ಮಾ, ಕನ್ನಡದಲ್ಲಿ ಜೋಮು ಅಂದ್ರೆ ಎಂತ?"

"ಕೈಕಾಲು ಮರಗಟ್ಟಿದ ಹಾಗೆ ಆಗ್ತದಲ್ಲ, ಅದು," ಎಂದರು ಜಯಂತಿ. "ಯಾರಿಗೆ ಎಂತ ಆಯ್ತು?"

ದೀಪ್ತಿ ಆ ಫೋನು ಇಟ್ಟು ಆಸ್ಪತ್ರೆಗೆ ಮಾಡಿದಳು. ಲೈನಿನಲ್ಲಿರಿ ಎಂದರು. ಪಿಟೀಲಿನ ಸಂಗೀತ ಶುರುವಾಯಿತು. ಎದುರಿನ ಕೋಣೆಯಲ್ಲಿ ಪ್ರಶ್ನೆಪತ್ರಿಕೆ ಹಂಚುವುದು ಕಾಣುತ್ತಿತ್ತು. ಆಮೇಲೆ ಬಾಗಿಲು ಮುಚ್ಚಿತು. ಅವಳು ಆಸ್ಪತ್ರೆಗೆ ಓಡಲಿಲ್ಲ, ಅಳಲಿಲ್ಲ. ಇಪ್ಪತ್ತೈದು ನಿಮಿಷ ರಿಸೀವರು ಹಿಡಿದು ನಿಂತಳು, ಅಷ್ಟೇ.

ನರ್ಸ್ ಬಂದಾಗ ಅವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ನಾನು ತಪ್ಪು ಹೇಳಿದೆ. ಅವರ ಎಡಗೈ ಮರಗಟ್ಟಿದೆ. ಆ ಪದ ನನಗೆ ಗೊತ್ತಿರಲಿಲ್ಲ. ನಾನು ಕೇಳಲಿಲ್ಲ."

ಫೋನು ಕಟ್ಟಾಯಿತು.

೫

ಅಜ್ಜಿಗೆ ಆಗಿದ್ದದ್ದು ಸಣ್ಣ ಹೃದಯಾಘಾತ. ಬದುಕಿದರು. ದೀಪ್ತಿಯ ಫೋನಿನಿಂದಲೋ, ಅಥವಾ ಅಷ್ಟರಲ್ಲಿ ಯಾರೋ ಡಾಕ್ಟರು ಅವರ ಬೆವರಿದ ಮುಖ ನೋಡಿದ್ದರಿಂದಲೋ, ಯಾರೂ ಹೇಳಲಿಲ್ಲ. ತಡವಾಗಿ ಕೂತ ಮಿಡ್‌ಟರ್ಮಿನಲ್ಲಿ ದೀಪ್ತಿಗೆ ನಪಾಸಿನ ಅಂಚಿನ ಡಿ ಗ್ರೇಡು ಬಂತು. ತಪ್ಪನ್ನು ತಾನೇ ಒಪ್ಪಿಕೊಂಡಿದ್ದರಿಂದ ಆಸ್ಪತ್ರೆಯ ಸೇವೆಯೂ ಹೋಯಿತು, ಅಲ್ಲಿಂದ ಬರಬೇಕಿದ್ದ ಶಿಫಾರಸು ಪತ್ರವೂ ಹೋಯಿತು.

ಶುಕ್ರವಾರ ಅಜ್ಜಿಯನ್ನು ನೋಡಲು ಹೋದಳು.

"ಅಜ್ಜಿ, ನಂಗೆ ಆ ವರ್ಡ್ ಗೊತ್ತಿರ್ಲಿಲ್ಲ. ಕೇಳಕ್ಕೆ ನಾಚಿಕೆ ಆಯ್ತು. ಸಾರಿ."

ಕೆಂಪಮ್ಮ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ನಂಗೂ ನಾಚ್ಕೆ ಆಗಿತ್ತು ಕಣ್ಮಗ. ಮೂರ್ ದಿನದಿಂದ್ಲೂ ಹಿಂಗೇ ಆಯ್ತಿತ್ತು. ಡಾಕ್ಟ್ರು ಎದೆ ಮುಟ್ಟಿ ನೋಡ್ತಾರಲ್ಲ ಅಂತ ಮಗುನ್ಗೂ ಹೇಳ್ನಿಲ್ಲ."

ಮಂಚದ ಪಕ್ಕ ನಿಂತಿದ್ದ ಶಿವರಾಮು ಕಿಟಕಿಯ ಕಡೆ ತಿರುಗಿಕೊಂಡ.

ಮನೆಯಲ್ಲಿ ಗುಣಪಾಲರು ಸೌತೆಕಾಯಿ ಹೆಚ್ಚುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ಪರೀಕ್ಷೆ ಬಿಟ್ಟು ಫೋನು ಹಿಡ್ಕೊಂಡು ನಿಂತದ್ದಾ?"

"ಹೂಂ."

ಚಾಕು ನಿಂತಿತು. ಬೈಗುಳಕ್ಕಾಗಿ ದೀಪ್ತಿ ಕಾದಳು.

"ಕಡೆಗೆ ಎತ್ತಿದ್ರಾ?"

"ಎತ್ತಿದ್ರು."

"ಹಾಂ," ಎಂದು ಅವರು ಮತ್ತೆ ಹೆಚ್ಚತೊಡಗಿದರು.

ಕೊನೆಗೆಂದು ಬರೆದಿಟ್ಟದ್ದು

ಮೂರು ಮುಕ್ತಾಯಗಳಿದ್ದವು. ಒಂದರಲ್ಲಿ ಅವಳು ಡಾಕ್ಟರು. ಒಂದರಲ್ಲಿ ದುಭಾಷಿ. ಮತ್ತೊಂದರಲ್ಲಿ, ಮುಚ್ಚಿಹೋಗಲಿರುವ ಯಾವುದೋ ಡಾಟ್‌ಕಾಮಿನಲ್ಲಿ ಉದ್ಯೋಗಿ. ಮೂರನ್ನೂ ದೀಪ್ತಿಗೆ ಓದಿ ಹೇಳಿದೆ.

"ಯಾವ್ದೂ ಬೇಡ ಆಂಟಿ. ಡಾಕ್ಟರ್ ಆದೆ ಅಂತ ಬರೆದ್ರೆ, ಆ ಅಜ್ಜಿ ನಂಗೆ ಪಾಠ ಕಲಿಸೋಕೇ ಕಾಯಿಲೆ ಬಿದ್ದಂಗಿರುತ್ತೆ."

"ಆಗಲಿಲ್ಲ ಅಂತ ಬರೀಲಾ?"

ಅವಳು ಬ್ಯಾಗಿನ ಜಿಪ್ ಎಳೆದಳು.

"ಬೇಡ. ಅಪ್ಪ ಓದ್ತಾರೆ."

ಬ್ಯಾಗು ಹೆಗಲಿಗೇರಿಸಿದಳು. ಬೇಸಿಗೆಯ ತರಗತಿಗೆ ಹೆಸರು ಕೊಟ್ಟಿದ್ದಾಳೆ. ಅದೇ ಆರ್ಗ್ಯಾನಿಕ್ ಕೆಮಿಸ್ಟ್ರಿ, ಮೊದಲ ಪಾಠದಿಂದ. ಇದನ್ನು ಕೊನೆ ಅಂದುಕೊಳ್ಳಬೇಡಿ. ಅವಳಿಗೆ ಬಸ್ಸಿಗೆ ಹೊತ್ತಾಯಿತು, ಅಷ್ಟೇ.